ನೆನಪಿಲ್ಲದ ಜೀವಿಯ ರೋಗ

(ಬಾನುಲಿ ಭಾಷಣ)

ಸವಳು, ಜವಳು ಎಂಬ ಎರಡು ಮಾತುಗಳ ಅರ್ಥವನ್ನು ನಮ್ಮ ಸಿಂಧನೂರು ಸೀಮೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಹೊಲದ ಮೇಲೆ ಉಪ್ಪು ಬೆಳ್ಳಗೆ ಹೂವಾಡಿದರೆ ಅದು ಸವಳು. ನೀರು ಇಂಗದೆ ನಿಂತು ಬೇರು ಕೊಳೆತರೆ ಅದು ಜವಳು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು, ಮುಂದೆ ಎಡದಂಡೆ ಕಾಲುವೆಯ ನೀರು ನಮ್ಮ ಎರೆಭೂಮಿಯನ್ನು ತಲುಪಿದ ಮೇಲೆ ಬತ್ತದ ಜೊತೆಜೊತೆಗೆ ಈ ಎರಡು ಮಾತುಗಳೂ ಇಲ್ಲಿ ಹುಲುಸಾಗಿ ಬೆಳೆದವು. ಲಿಂಗಸುಗೂರಿನ ಕೃಷ್ಣೆಯ ಕಡೆಗೆ ಹೋದರೂ, 2018ರಿಂದ ಪ್ರತ್ಯೇಕ ತಾಲ್ಲೂಕಾಗಿರುವ ಮಸ್ಕಿಯ ಕಡೆಗೆ ಹೋದರೂ ಈ ಮಾತುಗಳನ್ನು ಅರಿಯದ ಒಕ್ಕಲಿಗ ಸಿಕ್ಕಲಾರ. ಇಂದು ನಾನು ಹೇಳಹೊರಟಿರುವುದು ಸವಳು ನೀರಿನಲ್ಲಿ ಬಾಳುವ ಒಂದು ಪುಟ್ಟ ಜೀವಿಯ ವಿಚಾರ. ಅದಕ್ಕೆ ಬರುವ ರೋಗಗಳ ವಿಚಾರ. ಆ ಜೀವಿ ಸಿಗಡಿ.

ಕಡಲು ನಮಗೆ ನೂರಾರು ಮೈಲಿ ದೂರ. ಸಿಗಡಿಯ ರೋಗಕ್ಕೂ ನಮಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಮೂರು ದಾರಿಗಳಿಂದ ಬಂದಿದೆ. ಕಾಲುವೆ ಬಂದ ಮೇಲೆ ಗೋದಾವರಿ, ಕೃಷ್ಣಾ ನದಿಗಳ ಮುಖಜಭೂಮಿಯಿಂದ ಬಂದು ಇಲ್ಲಿ ಕ್ಯಾಂಪುಗಳನ್ನು ಕಟ್ಟಿದ ಆಂಧ್ರದ ರೈತರ ಬಂಧುಬಳಗ ಇಂದಿಗೂ ಆ ಕಡೆ ಸಿಗಡಿಯ ಹೊಂಡಗಳನ್ನು ನಂಬಿ ಬದುಕುತ್ತಿದೆ. ಅಲ್ಲಿ 'ರೊಯ್ಯ' ಸತ್ತರೆ ಇಲ್ಲಿಯ ಮನೆಗಳಲ್ಲಿ ಮದುವೆಗಳು ಮುಂದೆ ಹೋಗುತ್ತವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗರಿಗೆ ಹುಲಿಸಿಗಡಿ, ಅವರ ಮಾತಿನ 'ಬಾಗ್ದಾ ಚಿಂಗ್ಡಿ', ಹಬ್ಬದ ಊಟದ ನೆನಪು. ಮೂರನೆಯ ಸಂಬಂಧ ಹೆಚ್ಚು ಗಂಭೀರವಾದುದು. ಹರಿಯಾಣ, ಪಂಜಾಬ, ರಾಜಸ್ಥಾನಗಳಲ್ಲಿ ಕಡಲೇ ಇಲ್ಲದ ಕಡೆ, ನೆಲದಡಿಯ ಸವಳು ನೀರನ್ನು ಮೇಲೆತ್ತಿ ರೈತರು ಸಿಗಡಿ ಸಾಕುತ್ತಿದ್ದಾರೆ. ಹಾಗಿದ್ದರೆ ಬತ್ತವೂ ಬಾರದ ನಮ್ಮ ಸವಳು ಭೂಮಿಯಲ್ಲಿ ಏಕೆ ಸಾಕಬಾರದು? ಈ ಪ್ರಶ್ನೆಯನ್ನು ನಾನು ಸಂತೆಯಲ್ಲಿಯೂ ಕೇಳಿದ್ದೇನೆ, ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದಲೂ ಕೇಳಿದ್ದೇನೆ. ಲಾಭದ ಲೆಕ್ಕ ಹೇಳುವವರು ಬಹಳ ಮಂದಿ ಇದ್ದಾರೆ. ರೋಗದ ಕಥೆಯನ್ನೂ ಯಾರಾದರೂ ಹೇಳಬೇಕಷ್ಟೆ.

ಸಿಗಡಿ ಮೀನಲ್ಲ. ಅದು ಏಡಿಯ ಬಳಗಕ್ಕೆ ಸೇರಿದ, ಬೆನ್ನೆಲುಬಿಲ್ಲದ, ಮೈಮೇಲೆ ಗಟ್ಟಿ ಕವಚವನ್ನು ಹೊತ್ತ ಪ್ರಾಣಿ. ಬೆಳೆದಂತೆಲ್ಲ ಆ ಕವಚ ಬಿಗಿಯಾಗುವುದರಿಂದ ಅದನ್ನು ಮತ್ತೆ ಮತ್ತೆ ಕಳಚಿ ಹೊಸದನ್ನು ತೊಡುತ್ತದೆ. ಹುಲಿಸಿಗಡಿ ಆಳಸಮುದ್ರದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಹಲವು ರೂಪಗಳನ್ನು ದಾಟಿ, ನದಿ ಕಡಲನ್ನು ಕೂಡುವ ಅಳಿವೆಯ ಸವಳು ನೀರಿಗೆ ಬಂದು ಬೆಳೆಯುತ್ತವೆ. ನಮ್ಮ ಉತ್ತರ ಕನ್ನಡದವರು ಈ ಸ್ವಭಾವವನ್ನು ಹಿಂದಿನಿಂದ ಬಲ್ಲರು. ಕುಮಟಾದ ಬಳಿ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಎಂಬ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಬತ್ತ. ಕೊಯ್ಲಾದ ಮೇಲೆ ತೂಬು ತೆರೆದರೆ ಭರತದ ನೀರಿನೊಡನೆ ತಾವಾಗಿಯೇ ಒಳಬರುವ ಶೆಟ್ಲಿ, ಮೀನು. ಬತ್ತದ ಕೂಳೆಯೇ ಮರಿಗಳ ಮೇವಿಗೆ ಆಧಾರ. ಅಲ್ಲಿ ರೋಗವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮರಿಗಳು ವಿರಳವಾಗಿದ್ದುವು. ಆದುದರಿಂದ ಒಂದರ ರೋಗ ಇನ್ನೊಂದಕ್ಕೆ ಹಬ್ಬಲು ಅವಕಾಶ ಕಡಿಮೆ ಇದ್ದಿತು.

1990ರ ದಶಕದ ಆರಂಭದಲ್ಲಿ ಈ ಚಿತ್ರ ಬದಲಾಯಿತು. ಜಪಾನು, ಅಮೆರಿಕಾ, ಯೂರೋಪುಗಳಲ್ಲಿ ಸಿಗಡಿಗೆ ಒಳ್ಳೆಯ ಬೆಲೆ ಬಂದಿತು. ನೆಲ್ಲೂರಿನಿಂದ ಕುಂದಾಪುರದವರೆಗೆ ಎರಡೂ ಕರಾವಳಿಗಳಲ್ಲಿ ಹೊಂಡಗಳು ಎದ್ದುವು. ಮರಿಗಳನ್ನು ಮೊಟ್ಟೆಮನೆಗಳಿಂದ ತಂದು ಒತ್ತಾಗಿ ಬಿಟ್ಟರು; ಚೀಲದ ಮೇವು ಸುರಿದರು. ಒಂದೆರಡು ಬೆಳೆಗಳಲ್ಲಿ ಕೈತುಂಬ ಹಣ ಕಂಡವರೂ ಉಂಟು. ಅಷ್ಟರಲ್ಲಿ ಬಿಳಿಚುಕ್ಕೆ ರೋಗ ಬಂದಿತು.

ಈ ರೋಗ 1992ರ ಸುಮಾರಿಗೆ ತೈವಾನ್ ಮತ್ತು ಚೀನಾಗಳಲ್ಲಿ ಕಾಣಿಸಿತು. 1993ರಲ್ಲಿ ಜಪಾನಿಗೆ, 1994ರಲ್ಲಿ ಭಾರತಕ್ಕೆ ಬಂದಿತು. 1999ರ ವೇಳೆಗೆ ಮಧ್ಯ ಅಮೆರಿಕಾ ಮತ್ತು ಇಕ್ವಡಾರ್‌ಗಳನ್ನು ತಲುಪಿತು. ಅದರ ನಡೆ ಹೀಗೆ: ಮೊದಲು ಸಿಗಡಿ ಮೇವು ಬಿಡುತ್ತದೆ, ಮಂಕಾಗಿ ದಡದ ಅಂಚಿಗೆ ಬರುತ್ತದೆ, ಮೈ ಕೆಂಪೇರುತ್ತದೆ, ತಲೆಯ ಕವಚದ ಒಳಮೈಯಲ್ಲಿ ಸಾಸುವೆಕಾಳಿನಷ್ಟು ಸಣ್ಣ ಬಿಳಿಯ ಚುಕ್ಕೆಗಳು ಮೂಡುತ್ತವೆ. ಚಿಹ್ನೆ ಕಂಡ 3ರಿಂದ 10 ದಿನಗಳಲ್ಲಿ ಹೊಂಡದ ಸಿಗಡಿಯೆಲ್ಲ ಸಾಯಬಹುದು. ನಾಲ್ಕು ತಿಂಗಳ ದುಡಿಮೆ ಒಂದು ವಾರದಲ್ಲಿ ಕೊಳೆತು ನಾರುವುದೆಂದರೆ ಏನೆಂಬುದು ಆಲಿಕಲ್ಲು ಮಳೆಗೆ ಬತ್ತ ಕಳೆದುಕೊಂಡ ನಮ್ಮ ರೈತನಿಗೆ ತಿಳಿಯದ ಸಂಗತಿಯಲ್ಲ. ಆಂಧ್ರದಲ್ಲಿ, ತಮಿಳುನಾಡಿನಲ್ಲಿ, ನಮ್ಮ ಕರಾವಳಿಯಲ್ಲಿ ಅನೇಕರು ಹೊಂಡಗಳನ್ನು ಹಾಗೆಯೇ ಪಾಳುಬಿಟ್ಟು ಎದ್ದುಹೋದರು. ಈ ರೋಗ ಮನುಷ್ಯನಿಗೆ ಅಂಟುವುದಿಲ್ಲ. ಹಾಗೆಂದು ಮನುಷ್ಯನನ್ನು ಬಾಧಿಸುವುದಿಲ್ಲವೆಂದು ಹೇಳುವುದು ಹೇಗೆ?

ರೋಗಕಾರಕ ಒಂದು ವೈರಸ್. ಲ್ಯಾಟಿನ್ ಭಾಷೆಯಲ್ಲಿ ವೈರಸ್ ಎಂದರೆ ವಿಷ. ನಮ್ಮ ವಿಷ ಶಬ್ದವೂ ಆ ಶಬ್ದವೂ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವೈರಸ್ಸಿಗೆ ಸ್ವಂತ ಸಂಸಾರವಿಲ್ಲ. ತನ್ನ ಹುಟ್ಟುವಳಿಯ ಬರಹವನ್ನು ಮಾತ್ರ ಒಂದು ಪೊಟ್ಟಣದಲ್ಲಿ ಹೊತ್ತು ತಿರುಗುತ್ತದೆ. ಜೀವಕೋಶದ ಒಳಹೊಕ್ಕು, ಆ ಕೋಶದ ಸಲಕರಣೆಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಂಡು, ಕೊನೆಗೆ ಆಶ್ರಯ ಕೊಟ್ಟ ಕೋಶವನ್ನೇ ಒಡೆದು ಹೊರಬರುತ್ತದೆ. ಬ್ಯಾಕ್ಟೀರಿಯದ ಸ್ವಭಾವ ಬೇರೆ. ಅದು ಒಂದೇ ಕೋಶದ್ದಾದರೂ ಪೂರ್ಣ ಜೀವಿ. ತಾನೇ ಉಣ್ಣುತ್ತದೆ, ತಾನೇ ಇಬ್ಭಾಗವಾಗಿ ಬೆಳೆಯುತ್ತದೆ. ಸಿಗಡಿಯನ್ನು ಕಾಡುವ ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾದುದು ವಿಬ್ರಿಯೋ ಎಂಬ ಕುಲ. ಕಾಲರಾ ತರುವ ಕ್ರಿಮಿಯೂ ಅದೇ ಕುಲದ್ದು. ವೈರಸ್ಸು ಹೊರಗಿನಿಂದ ನುಗ್ಗುವ ಶತ್ರುವಾದರೆ ವಿಬ್ರಿಯೋ ಮನೆಯೊಳಗೇ ಇರುವ ಹೊಂಚುಗಾರ. ಸವಳು ನೀರಿನಲ್ಲಿ, ಕೆಸರಿನಲ್ಲಿ, ಸಿಗಡಿಯ ಕರುಳಿನಲ್ಲಿ ಅದು ಎಂದೂ ಇದ್ದೇ ಇರುತ್ತದೆ. ಮೇವು ಹೆಚ್ಚಾಗಿ ತಳದಲ್ಲಿ ಕೊಳೆತಾಗ, ನೀರಿನ ಪ್ರಾಣವಾಯು ಕುಗ್ಗಿದಾಗ, ಸಿಗಡಿ ಬಳಲಿದಾಗ ಅದು ಮೇಲೆ ಬೀಳುತ್ತದೆ.

ಈ ಕುಲದ ವಿಬ್ರಿಯೋ ಹಾರ್ವೆಯಿ ಎಂಬುದರ ವರ್ತನೆ ವಿಸ್ಮಯಕರವಾದುದು. ಅದು ಕತ್ತಲೆಯಲ್ಲಿ ಬೆಳಗುತ್ತದೆ. ಮೊಟ್ಟೆಮನೆಯ ದೀಪ ಆರಿಸಿದರೆ, ರೋಗ ತಗುಲಿದ ಮರಿಗಳ ತೊಟ್ಟಿ ನೀಲಿಹಸಿರು ಬೆಳಕಿನಿಂದ ಮಿಣುಕುತ್ತದೆ. ಬೆಳಗಾಗುವಷ್ಟರಲ್ಲಿ ಮರಿಗಳು ತಳದಲ್ಲಿ ಸತ್ತು ಬಿದ್ದಿರುತ್ತವೆ. ಇನ್ನೂ ವಿಚಿತ್ರವೆಂದರೆ, ಈ ಕ್ರಿಮಿ ಒಂಟಿಯಾಗಿರುವಾಗ ಬೆಳಗುವುದಿಲ್ಲ. ಪ್ರತಿಯೊಂದೂ ನೀರಿಗೆ ಒಂದು ರಾಸಾಯನಿಕ ಸಂಕೇತವನ್ನು ಬಿಡುತ್ತಿರುತ್ತದೆ. ಗುಂಪು ದಟ್ಟವಾಗಿ ಆ ಸಂಕೇತ ಒಂದು ಮಟ್ಟವನ್ನು ಮೀರಿದಾಗ ಎಲ್ಲವೂ ಒಟ್ಟಿಗೆ ಬೆಳಗತೊಡಗುತ್ತವೆ. ಬೆಳಗುವ ಬ್ಯಾಕ್ಟೀರಿಯಗಳ ಈ ನಡತೆಯನ್ನು ವಿಜ್ಞಾನಿಗಳು ಗುರುತಿಸಿದುದು 1970ರ ಸುಮಾರಿಗೆ. ಕಣ್ಣಿಗೆ ಕಾಣದ ಜೀವಿಗಳೂ ತಮ್ಮ ತಮ್ಮಲ್ಲಿ ಸುದ್ದಿ ಹಂಚಿಕೊಂಡು, ಸಭೆ ನೆರೆದುದನ್ನು ತಿಳಿದುಕೊಂಡು ಕೆಲಸಕ್ಕೆ ತೊಡಗುತ್ತವೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೈರಸ್ಸಿಗೆ ಔಷಧಿ ಇಲ್ಲವೆ? ಲಸಿಕೆ ಹಾಕಬಾರದೆ? ಇದೇ ಇಡೀ ವಿಷಯದ ಮರ್ಮ. ನಮ್ಮ ಮೈಗೆ ಒಂದು ನೆನಪಿದೆ. ಬಾಲ್ಯದಲ್ಲಿ ದಡಾರ ಬಂದವನಿಗೆ ಅದು ಮತ್ತೆ ಬರುವುದು ತೀರ ಅಪರೂಪ. ಒಮ್ಮೆ ಕಂಡ ಶತ್ರುವಿನ ಗುರುತನ್ನು ರಕ್ತ ಇಟ್ಟುಕೊಂಡಿರುತ್ತದೆ; ಅದಕ್ಕೆಂದೇ ಪ್ರತಿಕಾಯಗಳೆಂಬ ಆಯುಧಗಳನ್ನು ಮಾಡುತ್ತದೆ. ಲಸಿಕೆಯೆಂದರೆ ಶತ್ರುವನ್ನು ನಿಜವಾಗಿ ಕಾಣುವ ಮೊದಲೇ ಅವನ ಚಿತ್ರವನ್ನು ಮೈಗೆ ತೋರಿಸಿ ನೆನಪು ಬರೆಸುವ ಉಪಾಯ. ಆ ಉಪಾಯದಿಂದಲೇ ಸಿಡುಬು ಲೋಕದಿಂದ ತೊಲಗಿತೆಂದು 1980ರಲ್ಲಿ ಸಾರಲಾಯಿತು. ಮೀನಿಗೂ ಇಂಥ ನೆನಪು ಉಂಟು. ಸಿಗಡಿಗೆ ಇಲ್ಲ. ಅದರ ರಕ್ತಕಣಗಳು ಗಾಯವನ್ನು ಮುಚ್ಚಬಲ್ಲವು, ಒಳನುಗ್ಗಿದ ಕ್ರಿಮಿಯನ್ನು ನುಂಗಬಲ್ಲವು, ಕಪ್ಪುಬಣ್ಣದ ಕವಚದಲ್ಲಿ ಸುತ್ತಿ ಸೆರೆಹಿಡಿಯಬಲ್ಲವು. ಆದರೆ ನಮ್ಮ ರಕ್ತದಂತೆ ಪ್ರತಿಕಾಯಗಳನ್ನು ಮಾಡಿ, ಬಂದವನು ಯಾರೆಂಬುದನ್ನು ನೆನಪಿಡಲಾರವು. ಆದುದರಿಂದ ನಾವು ಬಲ್ಲ ಬಗೆಯ ಲಸಿಕೆ ಅದಕ್ಕೆ ಸಲ್ಲುವುದಿಲ್ಲ. ಪ್ರತಿ ಸಲವೂ ರೋಗ ಅದಕ್ಕೆ ಹೊಸದೇ.

ಈ ಸತ್ಯ ತಿಳಿಯದೆ ಅನೇಕರು ಹೊಂಡಗಳಿಗೆ ಜೀವನಿರೋಧಕ ಔಷಧಿಗಳನ್ನು, ನಾವು ಆಂಟಿಬಯಾಟಿಕ್ ಎನ್ನುವ ಮದ್ದುಗಳನ್ನು, ಸುರಿದರು. ಅವು ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲವೇ ಹೊರತು ವೈರಸ್ಸನ್ನು ಮುಟ್ಟಲಾರವು. ಬಿಳಿಚುಕ್ಕೆ ರೋಗಕ್ಕೆ ಅವುಗಳನ್ನು ಹಾಕುವುದು ಬರಗಾಲಕ್ಕೆ ಕೀಟನಾಶಕ ಸಿಂಪಡಿಸಿದಂತೆ. ಬ್ಯಾಕ್ಟೀರಿಯದ ಮೇಲಾದರೂ ಪರಿಣಾಮ ಬಹುಕಾಲ ಉಳಿಯಲಿಲ್ಲ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿಗಳು ತಮ್ಮ ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಹುಲಿಸಿಗಡಿಯ ಮರಿಗಳ ಸಾಮೂಹಿಕ ಮರಣಕ್ಕೆ ಕಾರಣವಾದ ವಿಬ್ರಿಯೋ ಹಾರ್ವೆಯಿ ಹಲವು ಮದ್ದುಗಳಿಗೆ ಬಗ್ಗದೆ ನಿಂತಿದೆ ಎಂಬುದನ್ನು ಅದು ತೋರಿಸಿತು. ಮದ್ದು ಸಾಯಿಸದೆ ಬಿಟ್ಟವು ಬದುಕಿ, ಅವುಗಳ ಸಂತತಿಯೇ ತೊಟ್ಟಿಯನ್ನು ತುಂಬಿತು. ಆ ಮದ್ದಿನ ಉಳಿಕೆ ಸಿಗಡಿಯ ಮಾಂಸದಲ್ಲಿ ನಿಲ್ಲುವುದರಿಂದ ಹೊರದೇಶಗಳು ಸರಕನ್ನು ಹಿಂದಿರುಗಿಸಿದುದೂ ಉಂಟು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮೊದಲಾದವುಗಳನ್ನು ಸಿಗಡಿ ಸಾಕಣೆಯಲ್ಲಿ ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ.

ಹಾಗಾದರೆ ಉಳಿದ ದಾರಿ ಯಾವುದು? ರೋಗವನ್ನು ಬಾಗಿಲಲ್ಲೇ ಗುರುತಿಸಿ ತಡೆಯುವುದು. ಇಲ್ಲಿ ಒಂದು ತೊಡಕಿದೆ. ಬಿಳಿಯ ಚುಕ್ಕೆ ಕಂಡಿತೆಂದ ಮಾತ್ರಕ್ಕೆ ಅದು ಬಿಳಿಚುಕ್ಕೆ ರೋಗವೇ ಆಗಬೇಕಾಗಿಲ್ಲ. ಕೆಲವು ಬ್ಯಾಕ್ಟೀರಿಯಗಳಿಂದಲೂ ಅಂಥ ಚುಕ್ಕೆಗಳು ಮೂಡುತ್ತವೆ. ಚುಕ್ಕೆಯೇ ಇಲ್ಲದ ಆರೋಗ್ಯವಂತ ಮರಿಯಲ್ಲಿಯೂ ವೈರಸ್ ಅಡಗಿರಬಹುದು. ಚಿಹ್ನೆ ಬೇರೆ, ಹೆಸರು ಬೇರೆ. ನಮ್ಮ ಮಸ್ಕಿಯ ಉದಾಹರಣೆಯನ್ನೇ ನೋಡಿ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳುಳ್ಳ ಶಾಸನಗಳು ದೇಶದಲ್ಲೆಲ್ಲ ಹರಡಿದ್ದುವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದರು. ಆ ದೊರೆ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರು ಬೀಡನ್ ಅವರು ಮಸ್ಕಿಯ ಬಂಡೆಯನ್ನು ಬೆಳಕಿಗೆ ತಂದಾಗ, ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರೇ ಕಾಣಿಸಿ ಸಂದೇಹ ಹರಿಯಿತು.

ಸಿಗಡಿಯ ರೋಗದಲ್ಲಿ ಆ ಬಂಡೆಯ ಕೆಲಸ ಮಾಡುವುದು ಪಿ.ಸಿ.ಆರ್. ಎಂಬ ಪರೀಕ್ಷೆ. ಕೋವಿಡ್ ಕಾಲದಲ್ಲಿ ಈ ಹೆಸರು ನಮಗೆಲ್ಲ ಪರಿಚಯವಾಯಿತು. ಅಮೆರಿಕಾದ ಕ್ಯಾರಿ ಮುಲ್ಲಿಸ್ 1983ರಲ್ಲಿ ಇದನ್ನು ಕಲ್ಪಿಸಿದರು. 1993ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕ ಪಡೆದರು. ವೈರಸ್ಸಿನ ಹುಟ್ಟುವಳಿಯ ಬರಹದಲ್ಲಿ ಅದಕ್ಕೇ ಮೀಸಲಾದ ಒಂದು ಸಾಲನ್ನು ಹುಡುಕಿ, ಸಿಕ್ಕಿದರೆ ಅದನ್ನು ಎರಡು, ನಾಲ್ಕು, ಎಂಟು ಎಂದು ಕೋಟಿಗಟ್ಟಲೆ ಪ್ರತಿ ಮಾಡಿ ಕಣ್ಣಿಗೆ ಕಾಣಿಸುವುದೇ ಇದರ ತತ್ತ್ವ. ಒಮ್ಮೆ ಪ್ರತಿ ಮಾಡಿದಾಗಲೇ ಸಾಲು ಕಂಡರೆ ಸೋಂಕು ಪ್ರಬಲವಾಗಿದೆಯೆಂದು ಅರ್ಥ. ಆ ಪ್ರತಿಯ ಮೇಲೆ ಎರಡನೆಯ ಸಲ ಪ್ರತಿ ಮಾಡಿದಾಗ ಮಾತ್ರ ಕಂಡರೆ ಸೋಂಕು ಸಣ್ಣದು, ಆದರೆ ಉಂಟು. ಈ ಪರೀಕ್ಷೆಯಿಂದ ಮಂಗಳೂರಿನ ಅದೇ ಕಾಲೇಜಿನವರು ಸಾಕಿದ ಸಿಗಡಿಯಲ್ಲಿ ಮಾತ್ರವಲ್ಲ, ಕಡಲಿನ ಕಾಡುಸಿಗಡಿ ಏಡಿಗಳಲ್ಲಿಯೂ ವೈರಸ್ ಇರುವುದನ್ನು 1999ರಲ್ಲಿ ಪ್ರಕಟಿಸಿದರು. ಕಡಲಿನಿಂದ ಹಿಡಿದು ತಂದ ತಾಯಿಸಿಗಡಿಯೇ ಮರಿಗೆ ರೋಗವನ್ನು ಬಳುವಳಿಯಾಗಿ ಕೊಡುತ್ತಿತ್ತು. 2009ರಿಂದೀಚೆಗೆ ನಮ್ಮಲ್ಲಿ ವ್ಯಾಪಕವಾಗಿ ಹರಡಿದ ಅಮೆರಿಕಾ ಮೂಲದ ಬಿಳಿಕಾಲಿನ ಸಿಗಡಿಯ ತಾಯಿಗಳನ್ನು ನಿರ್ದಿಷ್ಟ ರೋಗಗಳಿಲ್ಲದ ವಂಶಗಳಿಂದ ತರಿಸಿ, ಚೆನ್ನೈಯಲ್ಲಿ ಪ್ರತ್ಯೇಕವಾಗಿರಿಸಿ ಪರೀಕ್ಷಿಸಿದ ಮೇಲೆ ಮೊಟ್ಟೆಮನೆಗಳಿಗೆ ಕೊಡುವುದು ಈ ಕಾರಣದಿಂದ.

ಆದರೆ ರೋಗವಿಲ್ಲದ ಮರಿ ರೋಗ ತಾಗದ ಮರಿಯಲ್ಲ. ಈ ಎರಡು ಮಾತುಗಳ ಅಂತರವನ್ನು ಮರೆತವರು ಬಹಳ ಕಳೆದುಕೊಂಡಿದ್ದಾರೆ. ಒಳ್ಳೆಯ ಮರಿಯನ್ನು ಕೆಟ್ಟ ಹೊಂಡಕ್ಕೆ ಬಿಟ್ಟರೆ ಫಲವಿಲ್ಲ. ಬೆಳೆ ಮುಗಿದ ಮೇಲೆ ಹೊಂಡವನ್ನು ಬಿರುಕು ಬಿಡುವವರೆಗೆ ಒಣಗಿಸಬೇಕು. ತಳದ ಕೆಸರು ತೆಗೆದು ಸುಣ್ಣ ಹಾಕಬೇಕು. ಒಳಬಿಡುವ ನೀರನ್ನು ಸೋಸಿ, ಬ್ಲೀಚಿಂಗ್ ಪುಡಿಯಿಂದ ಶುದ್ಧಿ ಮಾಡಿ, ಕೆಲವು ದಿನ ನಿಲ್ಲಿಸಬೇಕು. ಏಡಿ ಬಾರದಂತೆ ಬೇಲಿ, ಹಕ್ಕಿ ಎರಗದಂತೆ ದಾರ ಕಟ್ಟಬೇಕು. ಮರಿಗಳನ್ನು ವಿರಳವಾಗಿ ಬಿಡಬೇಕು. ಇಷ್ಟನ್ನೂ ಮಾಡಿದ ರೈತನ ಹೊಂಡವೂ ನೆರೆಯವನ ಒಂದು ಕೆಲಸದಿಂದ ಹಾಳಾಗಬಹುದು. ಸಿಗಡಿ ಸಾಯತೊಡಗಿದೊಡನೆ ಗಾಬರಿಯಾದ ನೆರೆಯವನು ರಾತ್ರೋರಾತ್ರಿ ತೂಬು ಎತ್ತಿ ಹೊಂಡವನ್ನು ಹಳ್ಳಕ್ಕೆ ಬರಿದು ಮಾಡುತ್ತಾನೆ. ಅದೇ ಹಳ್ಳದಿಂದ ಮರುದಿನ ಇವನು ನೀರೆತ್ತುತ್ತಾನೆ. ನೀರು ಒಂದೇ ಆದಾಗ ರೋಗವೂ ಒಂದೇ.

ಈ ಪಾಠವನ್ನು ಕಲಿತು ತೋರಿಸಿದವರು ಗೋದಾವರಿಯ ಸಣ್ಣ ರೈತರು. 2000ದ ನಂತರದ ವರ್ಷಗಳಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ ಕಡಲುತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರದ ನೆರವಿನಿಂದ ಒಂದೇ ಹಳ್ಳದ ನೀರು ಬಳಸುವವರು ಒಂದು ಸಂಘವಾದರು. ಒಟ್ಟಿಗೆ ಹೊಂಡ ಒಣಗಿಸುವುದು, ಒಟ್ಟಿಗೆ ಪರೀಕ್ಷಿಸಿದ ಮರಿ ತರುವುದು, ರೋಗ ಬಂದರೆ ಮುಚ್ಚಿಡದೆ ಎಲ್ಲರಿಗೂ ತಿಳಿಸುವುದು, ಆ ಹೊಂಡದ ನೀರನ್ನು ಶುದ್ಧಿ ಮಾಡದೆ ಹೊರಬಿಡದಿರುವುದು ಅವರ ಕಟ್ಟುಪಾಡು. ಈ ಬಗೆಯ ಸಂಘಗಳನ್ನು ಬೆಳೆಸಲೆಂದೇ 2007ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಹುಟ್ಟಿತು. ಅಲ್ಲಿ ರೋಗ ತೊಲಗಿತೆಂದಲ್ಲ. ಅದರ ಹಾವಳಿಯನ್ನು ಕಡಿಮೆ ಮಾಡಲು ಸಾಧ್ಯವೆಂಬುದು ಗೊತ್ತಾಯಿತು.

ಈಗ ನಮ್ಮ ಸೀಮೆಯ ಪ್ರಶ್ನೆ. ಸವಳು ಭೂಮಿಯಲ್ಲಿ ಸಿಗಡಿ ಸಾಕಬಹುದೆ? ವಿಜ್ಞಾನದ ಉತ್ತರ ಹೀಗೆ: ಒಳನಾಡಿನ ಸವಳು ನೀರಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕಡಿಮೆ, ಅದನ್ನು ಕೂಡಿಸಬೇಕು, ನೀರನ್ನು ಪರೀಕ್ಷಿಸದೆ ಹೆಜ್ಜೆಯಿಡಬಾರದು. ಕಡಲು ದೂರವಿದೆ, ರೋಗವೂ ದೂರವೆಂಬುದು ಹುಸಿ ನಂಬಿಕೆ. ಮರಿ ಬರುವುದು ಕರಾವಳಿಯ ಮೊಟ್ಟೆಮನೆಯಿಂದ. ಮರಿ ಬಂದ ಲಾರಿಯಲ್ಲಿಯೇ ರೋಗ ಬರಬಹುದು. ಸಿಹಿನೀರಿನ ಏಡಿಗಳೂ ಈ ವೈರಸ್ಸಿಗೆ ತುತ್ತಾಗುವುದನ್ನು ಪ್ರಯೋಗಗಳು ತೋರಿಸಿವೆ. ನಮ್ಮ ಕಾಲುವೆ, ಹಳ್ಳಗಳಲ್ಲಿ ಏಡಿಗೆ ಬರವಿಲ್ಲ. ನೆರೆಯವನ ಬತ್ತದ ಗದ್ದೆಗೆ, ಕುಡಿಯುವ ನೀರಿನ ಬಾವಿಗೆ ಉಪ್ಪು ಇಳಿಯುವ ಭಯ ಬೇರೆ. ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಅವರು ಒಯ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 11ರಂದು ಕೊಟ್ಟ ತೀರ್ಪು, ಬೇಸಾಯದ ಭೂಮಿಯನ್ನು ಸಿಗಡಿ ಹೊಂಡಗಳಾಗಿ ಮಾರ್ಪಡಿಸುವುದನ್ನು ತಡೆಯಹೊರಟುದು ಇಂಥ ಹಾನಿಯನ್ನು ಕರಾವಳಿಯಲ್ಲಿ ಕಂಡೇ.

ಇದಕ್ಕಿಂತಲೂ ನನ್ನನ್ನು ಚಿಂತೆಗೀಡುಮಾಡುವ ಸಂಗತಿ ಬೇರೊಂದಿದೆ. ತುಂಗಭದ್ರೆಯ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಭಾಗಕ್ಕೆ ಹೇಳಿದುದು ಮಿತನೀರಿನ ಬೆಳೆಗಳನ್ನು. ಮೇಲುಭಾಗದವರು ಬತ್ತ ಹಾಕಿದರು; ಕೊನೆಯ ಭಾಗದವರು ಒಣಕಾಲುವೆಯನ್ನು ನೋಡುತ್ತ ನಿಂತರು. ಮೇಲೆ ಹೆಚ್ಚಾದ ನೀರೇ ಜವಳಾಗಿ, ಸವಳಾಗಿ ಎದ್ದಿತು. ಕಣ್ಣಿಗೆ ಕಾಣುವ ನೀರನ್ನು ಹಂಚಿಕೊಳ್ಳುವುದೇ ನಮಗೆ ಇಷ್ಟು ಕಷ್ಟವಾಗಿರುವಾಗ, ಕಣ್ಣಿಗೆ ಕಾಣದ ರೋಗದ ಸುದ್ದಿಯನ್ನು ನಾವು ಹಂಚಿಕೊಳ್ಳಬಲ್ಲೆವೆ? ತನ್ನ ಹೊಂಡದಲ್ಲಿ ಸಿಗಡಿ ಸತ್ತುದನ್ನು, ಸಾಲ ಕೊಟ್ಟವನು ಕೇಳಿಸಿಕೊಂಡಾನು ಎಂಬ ಅಳುಕಿಲ್ಲದೆ, ನೆರೆಯವನಿಗೆ ಹೇಳಬಲ್ಲೆವೆ? ಗುಂಪು ನೆರೆದುದನ್ನು ತಿಳಿದು ಒಟ್ಟಾಗಿ ಕೆಲಸಕ್ಕಿಳಿಯುವ ವಿಬ್ರಿಯೋಗಳ ವಿಷಯವನ್ನು ಆಗಲೇ ಹೇಳಿದೆ. ಅವುಗಳೆದುರು ಒಬ್ಬೊಬ್ಬನೇ ನಿಂತ ರೈತ ಸೋಲುವುದು ಖಂಡಿತ.

ಆದುದರಿಂದ ಹೊಂಡ ತೋಡುವ ಮನಸ್ಸುಳ್ಳವರು ಮೊದಲು ಗುದ್ದಲಿ ಕೊಳ್ಳುವುದು ಬೇಡ. ಒಂದು ದಪ್ಪ ನೋಟು ಪುಸ್ತಕ ಕೊಳ್ಳಲಿ. ಮರಿ ಎಲ್ಲಿಂದ ಬಂದಿತು, ಪರೀಕ್ಷೆಯಲ್ಲಿ ಏನು ಕಂಡಿತು, ನೀರಿನ ಉಪ್ಪೆಷ್ಟು, ಯಾವ ದಿನ ಮೇವು ಉಳಿಯಿತು, ಯಾವ ದಿನ ಮೊದಲ ಸಿಗಡಿ ದಡಕ್ಕೆ ಬಂದಿತು ಎಂಬುದನ್ನೆಲ್ಲ ಅದರಲ್ಲಿ ಬರೆಯಲಿ. ಆ ಪುಸ್ತಕವನ್ನು ಪೆಟ್ಟಿಗೆಯಲ್ಲಿಡದೆ, ಅದೇ ನೀರನ್ನು ಬಳಸುವ ಎಲ್ಲರೂ ತಿಂಗಳಿಗೊಮ್ಮೆ ಕಟ್ಟೆಯ ಮೇಲೆ ಕುಳಿತು ಓದಲಿ. ಸಿಗಡಿ ನೆನಪಿಡಲಾರದುದನ್ನು ಅದನ್ನು ಸಾಕುವವರು ನೆನಪಿಡಬೇಕಾಗುತ್ತದೆ. ಅಷ್ಟಕ್ಕೆ ಒಪ್ಪದ ಊರಿನಲ್ಲಿ ಸವಳು ಭೂಮಿ ಸವಳಾಗಿಯೇ ಇರುವುದು ಲೇಸು.